ನೀಲಿ ಡೇರೆಯಲ್ಲಿ ಮೂವರು

ಬೀದರ
೨೯ ಜನವರಿ ೨೦೨೪

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಮೊಮ್ಮಕ್ಕಳಿಬ್ಬರೂ ಉಂಡು ಮಲಗಿದ್ದಾರೆ, ಹಾಗಾಗಿ ನನ್ನ ಕೈ ಖಾಲಿಯಾಗಿದೆ. ಈ ಮಾತನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ನೀವೇ ಊಹಿಸಿಕೊಂಡು ಬೈಯುತ್ತೀರಿ. ಪತ್ರವಾದರೆ ಪೂರ್ತಿ ಓದಿಕೊಂಡು ಬೈಯಬಹುದು.

ಬರುವ ತಿಂಗಳು ಇಪ್ಪತ್ನಾಲ್ಕನೆಯ ತಾರೀಖು ಶನಿವಾರ, ಹುಣ್ಣಿಮೆ. ಅಂದು ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕರೆದುಕೊಂಡು ಠಾಣಾ ಕುಶನೂರಿನ ನಮ್ಮ ಹೊಲಕ್ಕೆ ಹೋಗಿ, ಒಂದು ರಾತ್ರಿ ಡೇರೆ ಹಾಕಿ ಮಲಗಿ, ಮರುದಿನ ಬರಬೇಕು ಎಂದುಕೊಂಡಿದ್ದೇನೆ. ತೊಗರಿ ಕಟಾವಾಗಿ ಹೊಲ ಬಯಲಾಗಿದೆ ಎಂದು ನಮ್ಮ ಹೊಲ ನೋಡಿಕೊಳ್ಳುವ ಕಾಶೀನಾಥ ಹೇಳಿದ. ನೀಲಿ ಬಣ್ಣದ ಒಂದು ಡೇರೆ ತರಿಸಿದ್ದೇನೆ. ಮಡಚಿದರೆ ಕೊಡೆಯಷ್ಟು, ಬಿಚ್ಚಿದರೆ ನಮ್ಮ ನಡುಮನೆ ತುಂಬುತ್ತದೆ. ಫೇತ ಅದರೊಳಗೆ ಕೂತು ಹೊರಗೆ ಬರುವುದಿಲ್ಲ ಎಂದು ಹಟ ಹಿಡಿಯುತ್ತಾಳೆ. ಒಂದೂವರೆ ವರ್ಷದವಳಿಗೆ ಅಷ್ಟೊಂದು ಹಟ ಯಾರ ಕಡೆಯಿಂದ ಬಂತೋ, ನಾನು ಹೇಳುವುದಿಲ್ಲ.

ನೋಹನಿಗೆ ನಾಲ್ಕು ತುಂಬಿತು. ನಿಮ್ಮ ಮಗ ಅವನನ್ನು ತೊಡೆಯ ಮೇಲೆ ಕೂಡಿಸಿಕೊಂಡು, ದೊಡ್ಡವನಾದ ಮೇಲೆ ಹೊಲದಲ್ಲಿ ಮಲಗಿ ಚಂದ್ರ ಹುಟ್ಟುವುದನ್ನು ನೋಡೋಣ ಎನ್ನುತ್ತಿದ್ದರು. ಅವನಿಗೆ ಅದು ನೆನಪಿಲ್ಲ. ನನಗಿದೆ.

ಜೊತೆಗೆ ಯಾರೂ ಬೇಡ. ನಾನು, ನೋಹ, ಫೇತ, ಅಷ್ಟೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೀವು ಓದುತ್ತಿರುವಾಗಲೇ ಯಾರನ್ನು ಕಳಿಸುವುದು ಎಂದು ಲೆಕ್ಕ ಹಾಕುತ್ತಿರುತ್ತೀರಿ.

ನಿಮ್ಮ ಸೊಸೆ,
ಹೆಪ್ಸಿಬಾ


ಹಲಬರ್ಗಾ
೩ ಫೆಬ್ರವರಿ ೨೦೨೪

ಹೆಪ್ಸಿಬಾ,

ಪೂರ್ತಿ ಓದಿದೆ. ಎರಡು ಸಲ ಓದಿದೆ. ಈಗ ಬೈಯುತ್ತೇನೆ.

ನೀನು ನಾಲ್ಕು ಜನರ ಮಕ್ಕಳಿಗೆ ಪಾಠ ಹೇಳುವವಳು. ಎರಡು ಹಸುಗೂಸುಗಳನ್ನು ಕಟ್ಟಿಕೊಂಡು ಒಬ್ಬಳೇ ಬಯಲಿನಲ್ಲಿ ಮಲಗುತ್ತೇನೆ ಎನ್ನುತ್ತೀಯಲ್ಲ, ನಿನ್ನ ತಲೆ ನೆಟ್ಟಗಿದೆಯೇ? ಕಪ್ಪು ನೆಲದ ಬಿರುಕುಗಳಲ್ಲಿ ಚೇಳು ಇರುತ್ತವೆ. ಬೆಳಗಿನ ಜಾವ ಇಬ್ಬನಿ ಬೀಳುತ್ತದೆ, ಫೇತಳ ಎದೆ ಮೊದಲೇ ಗೊರಗೊರ ಅನ್ನುತ್ತದೆ. ಹೊಲದ ಮೂಲೆಯಲ್ಲಿ ಕಟ್ಟೆ ಇಲ್ಲದ ಬಾವಿ ಇದೆ, ಅದನ್ನು ನೀನು ಬರೆಯಲೇ ಇಲ್ಲ. ಮೇಲಾಗಿ ಭಾನುವಾರದ ಆರಾಧನೆ ತಪ್ಪುತ್ತದೆ, ಅದೂ ಲೆಂಟ್ ಉಪವಾಸದ ದಿನಗಳಲ್ಲಿ.

ಇವೆಲ್ಲ ಹಾಗಿರಲಿ. ನಾನು ಇಡೀ ಆಯುಷ್ಯ ನರ್ಸಾಗಿ ದುಡಿದವಳು, ಒಂದೇ ಮಾತು ಕೇಳುತ್ತೇನೆ. ಅಲ್ಲಿ ಮಕ್ಕಳಿಗೆ ಏನಾದರೂ ಆದರೆ ನೀನಿದ್ದೀಯ. ನಿನಗೆ ಏನಾದರೂ ಆದರೆ ಮಕ್ಕಳಿಗೆ ಯಾರಿದ್ದಾರೆ? ಇದಕ್ಕೆ ಉತ್ತರ ಬರೆದು ಕಳಿಸು, ಆಮೇಲೆ ಹೋಗು.

ನನಗೆ ಅನ್ನಿಸುವುದನ್ನು ಮುಚ್ಚದೆ ಹೇಳುತ್ತೇನೆ. ಶಾಲೆ, ಮನೆ, ಎರಡು ಮಕ್ಕಳು, ನಿನಗೆ ದಣಿವಾಗಿದೆ. ಜೂನಿನಿಂದ ಮಕ್ಕಳು ನನ್ನ ಹತ್ತಿರ ಇರಲಿ. ನೋಹನನ್ನು ಭಾಲ್ಕಿಯ ಶಾಲೆಗೆ ಹಾಕೋಣ, ನಮ್ಮ ಓಣಿಯ ಮಕ್ಕಳೆಲ್ಲ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ನೀನು ಶನಿವಾರ ಬಂದು ಸೋಮವಾರ ಹೋಗು. ಯೋಚಿಸು.

ಅತ್ತೆ,
ಫ್ಲಾರೆನ್ಸ


ಬೀದರ
೯ ಫೆಬ್ರವರಿ ೨೦೨೪

ಅತ್ತೆಯವರಿಗೆ,

ಜೂನಿನ ಮಾತು ಬಂದೇ ಬರುತ್ತದೆ ಎಂದು ನನಗೆ ಗೊತ್ತಿತ್ತು. ಆ ಒಂದು ಸಾಲು ಓದಿದ ದಿನ ನನಗೆ ಊಟ ಸೇರಲಿಲ್ಲ. ನಾನು ಒಳ್ಳೆಯ ತಾಯಿಯಲ್ಲ ಎಂದು ನೀವು ಯಾವಾಗ ತೀರ್ಮಾನಿಸಿದಿರಿ?

ಫೇತ ಹೊಟ್ಟೆಯಲ್ಲಿದ್ದಾಗ ಇವರು ಭಾಲ್ಕಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ ದಿನದಿಂದ ಈ ಮನೆಯಲ್ಲಿ ನಾನು ಒಂದು ರಾತ್ರಿಯೂ ಒಬ್ಬಳೇ ಮಲಗಿಲ್ಲ. ಸಾವಾದ ಮನೆಯಲ್ಲಿ ಹೆಣ್ಣುಮಗಳು ಒಬ್ಬಳೇ ಮಲಗಬಾರದು ಎಂದು ಚರ್ಚಿನ ಮಹಿಳಾ ಸಂಘದ ಅಕ್ಕಂದಿರು ಸರದಿಯಂತೆ ಬಂದರು. ಅದು ನಮ್ಮವರ ಪದ್ಧತಿ, ನಲವತ್ತು ದಿನದ್ದು. ನಮ್ಮ ಮನೆಯಲ್ಲಿ ಮಾತ್ರ ಅದು ಎರಡು ವರ್ಷವಾಗುತ್ತ ಬಂತು. ಒಬ್ಬರು ತಮ್ಮ ದಿಂಬನ್ನು ಇಲ್ಲೇ ಬಿಟ್ಟು ಹೋಗಿದ್ದಾರೆ. ಇನ್ನೊಬ್ಬರು ನಸುಕಿನಲ್ಲೆದ್ದು ಕೀರ್ತನೆ ಹಾಡಿ ಫೇತಳನ್ನು ಎಬ್ಬಿಸುತ್ತಾರೆ. ಯಾರೂ ಸಿಗದ ದಿನ ಪಕ್ಕದ ಮನೆಯ ತಹಮೀನಾ ಆಪಾ ಚಾಪೆ ಹಿಡಿದುಕೊಂಡು ಬರುತ್ತಾರೆ. ಎಲ್ಲರೂ ಒಳ್ಳೆಯವರೇ. ಸಾಕು ಅಕ್ಕಾ ಎಂದರೆ, "ನಾ ಹ್ಯಾಂಗ ಬಿಡ್ಲವ್ವ, ಫ್ಲಾರೆನ್ಸ ಅಕ್ಕಗ ಮಾತು ಕೊಟ್ಟೇನಿ" ಎನ್ನುತ್ತಾರೆ. ಬಾಗಿಲು ಹಾಕಿಕೊಂಡರೆ ನನಗೇನೋ ಆಗಿದೆ ಎಂದು ಬಾಗಿಲು ಬಡಿಯುತ್ತಾರೆ. ಒಬ್ಬಳೇ ಮಕ್ಕಳ ನಡುವೆ ಮಲಗಬೇಕೆಂದರೆ ನಾನು ಬೀದರ ಬಿಟ್ಟೇ ಹೋಗಬೇಕು.

ಈಗ ನನ್ನ ಮಾತು ಕೇಳಿ. ಈ ಒಂದು ರಾತ್ರಿ ನನ್ನ ಮಕ್ಕಳನ್ನು ನಾನೊಬ್ಬಳೇ ನೋಡಿಕೊಳ್ಳುವುದು ನನ್ನಿಂದ ಆಗದಿದ್ದರೆ, ಜೂನಿನಲ್ಲಿ ನಾನೇ ಅವರ ಬಟ್ಟೆ ಕಟ್ಟಿಕೊಂಡು ಬಂದು ನಿಮ್ಮ ಹತ್ತಿರ ಬಿಡುತ್ತೇನೆ. ನನ್ನಿಂದ ಆದರೆ, ನೀವು ಆ ಮಾತನ್ನು ಮತ್ತೆ ಎತ್ತಬಾರದು. ಮಲಗಲು ಬರುವವರಿಗೂ ಸಾಕು ಎಂದು ನೀವೇ ಹೇಳಬೇಕು. ನೀವು ಹೇಳಿದರಷ್ಟೇ ಕೇಳುತ್ತಾರೆ.

ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ಇಲ್ಲದಿದ್ದರೂ ಹೋಗುತ್ತೇನೆ.

ಹೆಪ್ಸಿಬಾ


ಹಲಬರ್ಗಾ
೧೪ ಫೆಬ್ರವರಿ ೨೦೨೪

ಹೆಪ್ಸಿಬಾ ತಾಯಿ,

ನಿನ್ನ ಮಾತಿಗೆ ಒಪ್ಪಿದೆ. ಹೋಗಿ ಬಾ.

ಇಷ್ಟು ಸಲೀಸಾಗಿ ಒಪ್ಪಿದಳಲ್ಲ ಎಂದು ಅಚ್ಚರಿಪಡಬೇಡ. ವಯಸ್ಸಾದ ಮೇಲೆ ಜಗಳವಾಡಲು ಉಸಿರು ಸಾಲುವುದಿಲ್ಲ. ಆದರೆ ಹೋಗುವುದಾದರೆ ಸರಿಯಾಗಿ ಹೋಗು. ಡೇರೆಯನ್ನು ಬೇವಿನ ಮರದ ಕೆಳಗೆ ಹಾಕಬೇಡ, ಹುಳ ಉದುರುತ್ತವೆ, ಸ್ವಲ್ಪ ಆಚೆ ಹಾಕು. ಬಾವಿಗೆ ಬೆನ್ನು ಮಾಡಿ ಬಾಗಿಲು ಇರಲಿ. ನೀರು ಕಾಯಿಸಿ ಆರಿಸಿ ಒಯ್ಯಿ. ಬೆಳಿಗ್ಗೆ ಬೂಟು ಹಾಕುವ ಮೊದಲು ಝಾಡಿಸು, ನಿನ್ನದನ್ನೂ. ಫೇತಳಿಗೆ ಕುಲಾಯಿ. ನೋಹನ ಕೊರಳಿಗೆ ಒಂದು ಸೀಟಿ ಕಟ್ಟು, ಕಳೆದುಹೋದರೆ ಊದಬೇಕು ಎಂದು ಹೇಳಿಕೊಡು. ಕಾಶೀನಾಥನಿಗೆ ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಬಂದು ಹೋಗಲು ಹೇಳು. ಅವನ ಮನೆ ಊರಲ್ಲಿದೆ, ಕೂಗಿದರೆ ಕೇಳುವಷ್ಟು ಹತ್ತಿರವಿಲ್ಲ, ತಿಳಿದಿರಲಿ.

ಮಿಕ್ಕಿದ್ದನ್ನು ದೇವರು ನೋಡಿಕೊಳ್ಳುತ್ತಾನೆ. ಆತ ಯಾರ ಕೈಯಿಂದ ನೋಡಿಕೊಳ್ಳುತ್ತಾನೆ ಎಂಬುದು ನಮಗೇನು ಗೊತ್ತು?

ಅತ್ತೆ,
ಫ್ಲಾರೆನ್ಸ


ಬೀದರ
೨೬ ಫೆಬ್ರವರಿ ೨೦೨೪

ಪ್ರೀತಿಯ ಅತ್ತೆಯವರಿಗೆ,

ಹೋಗಿ ಬಂದೆವು. ಮೂವರೂ ಸುಖವಾಗಿದ್ದೇವೆ. ಫೇತಳ ಎದೆಯೂ ಗೊರಗೊರ ಅನ್ನುತ್ತಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನೋಹ ಎದುರಾದ ಊರಿಗೆಲ್ಲ "ನಾವು ಡೇರೇದಾಗ ಮಲಗಲಾಕ ಹೊಂಟೇವಿ" ಎಂದು ಕೈ ಬೀಸಿದ. ಠಾಣಾ ಕುಶನೂರಿನಲ್ಲಿ ಇಳಿದಾಗ ಬಿಸಿಲು ಹಳದಿಗೆ ತಿರುಗಿತ್ತು. ಕಾಶೀನಾಥ ಸಾಮಾನು ಹೊತ್ತುಕೊಂಡು ಹೊಲದವರೆಗೆ ಬಂದು, ಡೇರೆ ಹಾಕುವುದನ್ನು ಸುತ್ತು ಹಾಕಿ ಹಾಕಿ ನೋಡಿ, "ಬಾಯಾರ, ಇದು ಗಾಳಿಗಿ ಹಾರ್ತದ ನೋಡ್ರಿ" ಎಂದು ನಾಲ್ಕೂ ಮೂಲೆಗೆ ಕಲ್ಲು ಇಟ್ಟು ಹೋದ.

ಆಮೇಲೆ ಯಾರೂ ಇರಲಿಲ್ಲ. ಆ ಸುಮ್ಮನಿರುವಿಕೆಯನ್ನು ಹೇಗೆ ಬರೆಯಲಿ? ನಮ್ಮ ಹೊಲದಲ್ಲಿ ಕೊಯ್ದ ತೊಗರಿಯ ಕೂಳೆ ಮಾತ್ರ. ಪಕ್ಕದ ಹೊಲದಲ್ಲಿ ಬಿಳಿಜೋಳ ನಿಂತಿತ್ತು, ತೆನೆಗಳು ಗಾಳಿಗೆ ಒಂದಕ್ಕೊಂದು ತಾಗುತ್ತಿದ್ದವು. ಫೇತ ಮಣ್ಣಿನ ಒಂದು ಹೆಂಟೆ ಎತ್ತಿಕೊಂಡು ಅದನ್ನೇ ಕೂಸಿನಂತೆ ಎದೆಗೆ ಒತ್ತಿಕೊಂಡು ತಿರುಗಾಡಿದಳು. ರೊಟ್ಟಿ, ಶೇಂಗಾ ಹಿಂಡಿ, ಮೊಸರು ಉಂಡೆವು. ಮನೆಯಲ್ಲಿ ಒಂದು ರೊಟ್ಟಿಗೆ ಅಳುವ ನೋಹ ಎರಡು ತಿಂದು ಮೂರನೆಯದನ್ನು ಕೇಳಿದ.

ಕತ್ತಲಾಗುವ ಮೊದಲೇ ಜೋಳದ ಹಿಂದಿನಿಂದ ಚಂದ್ರ ಬಂದ. ಮೊದಲು ಯಾರೋ ಆಚೆ ದೀಪ ಹಚ್ಚಿದ್ದಾರೆ ಎಂದುಕೊಂಡೆ. ನಂತರ ದುಂಡಗೆ, ಕೆಂಪಗೆ, ತೆನೆಗಳನ್ನು ಸರಿಸಿಕೊಂಡು ಮೇಲೆ ಬಂದ. ನೋಹ ಕೇಳಿದ, "ಮಮ್ಮಿ, ಇವ ನಮ್ಮ ಹೊಲದಾಗ ಇರ್ತಾನೇನು?" ನಾನು ಹೂಂ ಎಂದೆ. "ಮತ್ತ ಬೀದರದಾಗ ಇರೋನು ಯಾರು?" ಕೇಳಿದವನಿಗೆ ಅಲ್ಲೇ ನಿದ್ದೆ ಹತ್ತಿತು. ಫೇತ ಅದಕ್ಕೂ ಮೊದಲೇ ಮಲಗಿದ್ದಳು. ಡೇರೆಯ ನೀಲಿ ಬಟ್ಟೆಯ ಮೂಲಕ ಬೆಳದಿಂಗಳು ಸೋಸಿ ಇಬ್ಬರ ಮೈಮೇಲೂ ಬಿದ್ದಿತ್ತು. ನೀರಿನ ತಳದಲ್ಲಿ ಮಲಗಿದಂತೆ ಕಂಡರು. ಅಷ್ಟು ಚೆಂದದ ಮಕ್ಕಳು ನನ್ನವೇ ಎಂದು ನಾನು ನೋಡುತ್ತ ಕೂತೆ.

ಬೆಳಿಗ್ಗೆ ಕಾಶೀನಾಥ ಚೊಂಬಿನಲ್ಲಿ ಹಾಲು ತಂದ. ಕುಡಿದು, ಡೇರೆ ಮಡಚಿ, ಬಸ್ಸು ಹಿಡಿದೆವು.

ಎಲ್ಲ ಸುಸೂತ್ರವಾಯಿತು. ನಿಮ್ಮ ಮಾತನ್ನು ನೀವು ನಡೆಸುತ್ತೀರಿ ಎಂದು ನಂಬಿದ್ದೇನೆ.

ನಿಮ್ಮ ಸೊಸೆ,
ಹೆಪ್ಸಿಬಾ


ಹಲಬರ್ಗಾ
೧ ಮಾರ್ಚ್ ೨೦೨೪

ಹೆಪ್ಸಿಬಾ ತಾಯಿ,

ನಿನ್ನ ಪತ್ರ ಓದಿ ಸೋನಾಲಿಗೂ ಓದಿ ಹೇಳಿದೆ. ಗೊತ್ತಲ್ಲ, ಪಕ್ಕದ ಮನೆಯ ಹುಡುಗಿ, ಕಾಲೇಜಿಗೆ ಹೋಗುತ್ತಾಳೆ. ನೋಹನ ಎರಡು ಚಂದ್ರರ ಮಾತಿಗೆ ಅವಳು ನಕ್ಕಳು. ನಾನು ಆ ಸಾಲನ್ನು ಮತ್ತೆ ಓದಿದೆ. ನೋಹನ ಅಪ್ಪನೂ ಚಿಕ್ಕವನಿದ್ದಾಗ ಹೀಗೇ ಕೇಳುತ್ತಿದ್ದ.

ಎಲ್ಲ ಬರೆದಿದ್ದೀಯ, ಕುರಿಗಳ ವಿಷಯ ಮಾತ್ರ ಬಿಟ್ಟಿದ್ದೀಯ. ಅಷ್ಟು ದೊಡ್ಡ ಹಿಂಡು ಪಕ್ಕದಲ್ಲಿ ನಿಂತಿದ್ದರೆ ನೋಹ ಸುಮ್ಮನೆ ಬಿಟ್ಟನೇ? ಕೊರಳ ಗಂಟೆ ಕೇಳಿ ಫೇತ ಏನು ಮಾಡಿದಳು? ಅಂಜನಾಬಾಯಿ ಮಾತು ಒರಟು, ಆದರೆ ಮಕ್ಕಳೆಂದರೆ ಜೀವ ಬಿಡುತ್ತಾಳೆ. ಅವಳ ಸೊಸೆಯಂದಿರು ಹಸುಗೂಸುಗಳನ್ನು ಜೋಳಿಗೆಯಲ್ಲಿ ಹಾಕಿಕೊಂಡು ವರ್ಷದ ಎಂಟು ತಿಂಗಳು ಬಯಲಲ್ಲೇ ಮಲಗುತ್ತಾರೆ. ಅವರನ್ನು ನೋಡಿದರೆ ನಿನ್ನ ಕ್ಯಾಂಪು ಅಷ್ಟೇನೂ ದೊಡ್ಡದಲ್ಲ ಎಂದು ನನಗೂ ಅನ್ನಿಸಿತು. ಸುತ್ತ ನಾಲ್ಕು ಜನ, ಒಂದು ಬೆಂಕಿ, ಎರಡು ನಾಯಿ ಇದ್ದರೆ ಪುಟ್ಟ ಮಕ್ಕಳು ಬಯಲಲ್ಲಿ ಮಲಗುವುದರಲ್ಲಿ ತಪ್ಪೇನಿಲ್ಲ.

ಆದ್ದರಿಂದ ಒಂದು ಮಾತು, ಸಿಟ್ಟಾಗಬೇಡ. ನೀನು ಒಬ್ಬಳೇ ಇದ್ದು ಗೆದ್ದೆ ಎಂದುಕೊಳ್ಳಬೇಡ. ಜೂನಿನ ಯೋಚನೆ ಹಾಗೇ ಇರಲಿ.

ಅತ್ತೆ,
ಫ್ಲಾರೆನ್ಸ


ಬೀದರ
೫ ಮಾರ್ಚ್ ೨೦೨೪

ಅತ್ತೆಯವರಿಗೆ,

ಯಾವ ಕುರಿ? ಯಾವ ಅಂಜನಾಬಾಯಿ?

ಆ ಹೊಲದಲ್ಲಿ ನಾವು ಮೂವರೇ ಇದ್ದೆವು. ಸುತ್ತ ಬೆಂಕಿ ಇರಲಿಲ್ಲ, ನಾಯಿ ಇರಲಿಲ್ಲ, ಒಂದು ಗಂಟೆಯ ಸದ್ದೂ ಇರಲಿಲ್ಲ. ನೀವು ಯಾರನ್ನು ಕಳಿಸಿದ್ದಿರಿ? ಕಳಿಸುವುದಿಲ್ಲ ಎಂದುಕೊಂಡೇ ನಾನು ನಿಮ್ಮ ಎಲ್ಲ ಮಾತುಗಳನ್ನು ಪಾಲಿಸಿದ್ದೆ, ಬೂಟು ಝಾಡಿಸಿದ್ದೆ, ಸೀಟಿ ಕಟ್ಟಿದ್ದೆ.

ನಿನ್ನೆಯೂ ಸಂಘದಿಂದ ಒಬ್ಬರು ಮಲಗಲು ಬಂದರು. ಇದನ್ನು ಬರೆಯುತ್ತಿರುವಾಗಲೂ ಪಕ್ಕದಲ್ಲೇ ಇದ್ದಾರೆ, ಯಾರಿಗೆ ಬರೀಲಿಕ್ಕ ಹತ್ತೀಯವ್ವ ಎಂದು ಕೇಳುತ್ತಿದ್ದಾರೆ.

ಹೆಪ್ಸಿಬಾ


ಹಲಬರ್ಗಾ
೯ ಮಾರ್ಚ್ ೨೦೨೪

ಹೆಪ್ಸಿಬಾ,

ನಿನ್ನ ಪತ್ರ ಬಂದ ದಿನವೇ ಅಂಜನಾಬಾಯಿಯೂ ಬಂದಳು. ತಲೆಯ ಮೇಲೆ ಜೋಳದ ಚೀಲ. ಅದು ನಾನೇ ಕೊಟ್ಟದ್ದು.

ಹೇಳಿಬಿಡುತ್ತೇನೆ. ನೀನು ಹಟ ಹಿಡಿದಾಗ ನಾನು ಕುರಿ ಕಾಯುವ ಹಣಮಂತಪ್ಪನನ್ನು ಕರೆಸಿದೆ. ಅವನೂ ಅವನ ಹೆಂಡತಿ ಅಂಜನಾಬಾಯಿಯೂ ಆ ಕಡೆಯೇ ಕುರಿ ಹೊಡೆದುಕೊಂಡು ಹೋಗುವವರು. ಹೊಲಕ್ಕೆ ಗೊಬ್ಬರವಾಗಲಿ ಎಂದು ಒಕ್ಕಲಿಗರು ಅವರ ಹಿಂಡನ್ನು ರಾತ್ರಿ ತಮ್ಮ ಹೊಲದಲ್ಲಿ ನಿಲ್ಲಿಸಿಕೊಂಡು ಕಾಳು ಕೊಡುತ್ತಾರಲ್ಲ, ಹಾಗೆಯೇ ನಾನೂ ಕೊಟ್ಟೆ. ಶನಿವಾರ ಸಂಜೆ ನಮ್ಮ ಹೊಲದ ಬದುವಿನ ಆಚೆ ಕುರಿ ನಿಲ್ಲಿಸಿ, ಯಾರು ಕಳಿಸಿದರು ಎಂದು ಹೇಳಬೇಡಿ ಎಂದೆ. ಕುರಿಗಳು ತಾವಾಗಿ ಬಂದವು ಎಂದು ನೀನು ತಿಳಿಯಬೇಕಿತ್ತು. ಅಂದು ಇಲ್ಲಿ ನಾನು ನಿಶ್ಚಿಂತೆಯಿಂದ ನಿದ್ದೆ ಮಾಡಿದೆ.

ಅಂಜನಾಬಾಯಿ ಚೀಲ ಇಳಿಸಿ ನನ್ನ ಕಿವಿಯ ಹತ್ತಿರ ಬಂದು ಕೂಗಿದಳು. "ತಪ್ಪಾಗ್ಯಾದ್ರಿ ಬಾಯಿ. ಹಾದಿಯಾಗ ಕುರಿ ಈಯಲಾಕ ಹತ್ತಿದ್ವು. ಒಂದು ಈತು, ಅದರ ಹಿಂದs ಮತ್ತೊಂದು. ಹಸಿ ಮರಿ ಬಿಟ್ಟು ಹ್ಯಾಂಗ ಹೋಗೋದ್ರಿ? ಸಿಕ್ಕ ಹೊಲದಾಗ ನಿಂತೇವಿ. ನಿಮ್ಮ ಜೋಳ ನಾ ಹ್ಯಾಂಗ ತಿನ್ಲಿ?"

ನಾನು ಕಟ್ಟೆಯ ಮೇಲೆ ಕೂತೇಬಿಟ್ಟೆ. ಈಯುವ ಕುರಿ ನಡೆಯುವುದಿಲ್ಲ ಎಂಬುದು ಹಲಬರ್ಗಾದ ಕೂಸಿಗೂ ಗೊತ್ತು. ಇದು ಮರಿ ಹಾಕುವ ಕಾಲ ಎಂಬುದೂ ಗೊತ್ತು. ನನ್ನ ಯೋಚನೆಯೆಲ್ಲ ನಿನ್ನ ಮೇಲೆಯೇ ಇತ್ತು, ಕುರಿಯ ಮೇಲೆ ಇರಲಿಲ್ಲ. ಅಂಜನಾಬಾಯಿಗೆ ಜೋಳವನ್ನು ಬಾಣಂತಿ ಕುರಿಗಳ ಹೆಸರಿನಲ್ಲಿ ಮರಳಿ ಹೊರಿಸಿ ಕಳಿಸಿದೆ.

ಆಮೇಲೆ ನಿನ್ನ ಇಪ್ಪತ್ತಾರನೆಯ ತಾರೀಖಿನ ಪತ್ರವನ್ನು ತೆಗೆದು ಮತ್ತೆ ಓದಿದೆ. ಅದರಲ್ಲಿ ಚಂದ್ರ ಹುಟ್ಟುತ್ತಾನೆ, ಮಕ್ಕಳು ಮಲಗುತ್ತವೆ, ಆಮೇಲೆ ನೇರವಾಗಿ ಹಾಲು ಬರುತ್ತದೆ. ನಡುವೆ ಏನೂ ಇಲ್ಲ. ಎಲ್ಲ ಸುಸೂತ್ರ ಎನ್ನುವ ಪೇಶಂಟಿನ ಕೈ ಹಿಡಿದು ನಾವು ಮತ್ತೊಮ್ಮೆ ನಾಡಿ ನೋಡುತ್ತಿದ್ದೆವು. ನಡುವೆ ಏನಾಯಿತು ಹೇಳು. ಸಿಟ್ಟಿದ್ದರೆ ಇರಲಿ, ಸಿಟ್ಟಿನಲ್ಲೇ ಬರೆ.

ಫ್ಲಾರೆನ್ಸ


ಬೀದರ
೧೪ ಮಾರ್ಚ್ ೨೦೨೪

ಅತ್ತೆಯವರಿಗೆ,

ಸಿಟ್ಟು ಬಂದಿತ್ತು, ಬಹಳ. ಕುರಿಗಳನ್ನು ಎಂದಾದರೂ ಯಾರಾದರೂ ಕಾವಲಿಗೆ ಕಳಿಸುತ್ತಾರೆಯೇ ಎಂದು ಆಮೇಲೆ ನಗು ಬಂತು. ಈಗ ಎರಡೂ ಇಲ್ಲ. ಕೇಳಿದ್ದೀರಿ, ಬರೆಯುತ್ತೇನೆ. ಇದನ್ನು ಓದಿ ಮಕ್ಕಳನ್ನು ಕರೆದುಕೊಂಡು ಬಾ ಎನ್ನುವಿರೋ ಏನೋ. ಆದರೂ ಬರೆಯುತ್ತೇನೆ.

ಕಾಶೀನಾಥ ಹೋದ ಮೇಲೆ, ಊಟಕ್ಕೆ ಮೊದಲು, ನನಗೆ ಭಯವಾಯಿತು. ಎಲ್ಲವನ್ನೂ ಬಿಚ್ಚಿ, ಡೇರೆ ಮಡಚಿ, ಫೇತಳನ್ನು ಸೊಂಟಕ್ಕೆ ಏರಿಸಿಕೊಂಡು ಹೊರಟೇಬಿಟ್ಟೆ. ಹತ್ತು ಹೆಜ್ಜೆ ಹೋದ ಮೇಲೆ ಕೊನೆಯ ಬಸ್ಸು ಹೋಗಿಯಾಗಿದೆ ಎಂಬುದು ನೆನಪಾಯಿತು. ಮರಳಿ ಬಂದು ಮತ್ತೆ ಡೇರೆ ಹಾಕಿದೆ. ನೋಹನಿಗೆ ಅದೊಂದು ಆಟ. "ಮಮ್ಮಿ, ಮತ್ತೊಂದ್ಸಲ ಕೆಡವು" ಎಂದು ಕುಣಿದ. ನಾನು ಧೈರ್ಯವಂತೆ ಎಂದು ಅಲ್ಲಿ ಉಳಿಯಲಿಲ್ಲ, ಬಸ್ಸಿಲ್ಲದೆ ಉಳಿದೆ.

ಮಕ್ಕಳು ಮಲಗಿದ ಮೇಲೆ ಹೊರಗೆ ಕೂತು ಅತ್ತುಬಿಟ್ಟೆ. ಇದನ್ನು ನಿಮಗೆ ಹೇಗೆ ಹೇಳಲಿ? ಇಲ್ಲಿ ನನ್ನ ಕಣ್ಣಲ್ಲಿ ನೀರು ಬಂದರೆ ಸಾಕು, ಪಕ್ಕದ ಹಾಸಿಗೆಯಿಂದ ಒಂದು ಕೈ ಬರುತ್ತದೆ. "ಸುಮ್ನಿರವ್ವ, ದೇವರ ಚಿತ್ತ" ಎನ್ನುತ್ತದೆ. ತಲೆ ಸವರುತ್ತದೆ, ನೀರು ಕುಡಿಸುತ್ತದೆ. ನಾನು ಸುಮ್ಮನಾಗುತ್ತೇನೆ, ಪಾಪ, ಅವರ ನಿದ್ದೆ ಕೆಡಬಾರದು ಎಂದು. ಇವರು ಹೋದ ಮೇಲೆ ನಾನು ಒಂದು ಸಲವೂ ಪೂರ್ತಿ ಅತ್ತಿರಲಿಲ್ಲ. ಅಂದು ಬಯಲಲ್ಲಿ ಬಾಯಿ ತೆರೆದು, ಅವರ ಹೆಸರು ಹಿಡಿದು, ಅವರನ್ನು ಬೈದು, ಮೂಗು ಸುರಿಸಿಕೊಂಡು ಅತ್ತೆ. ಯಾರೂ ಸಮಾಧಾನ ಮಾಡಲಿಲ್ಲ. ಚಂದ್ರ ತನ್ನ ಪಾಡಿಗೆ ಮೇಲೇರಿ ಬೆಳ್ಳಗಾದ. ಅಳು ತಾನಾಗಿ ಮುಗಿಯಿತು. ಅಳು ಹಾಗೆ ಮುಗಿಯುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಒಳಗೆ ಹೋಗಿ ಇಬ್ಬರ ನಡುವೆ ಮಲಗಿದೆ, ಕಲ್ಲಿನಂತೆ ನಿದ್ದೆ ಬಂತು.

ಆ ನಿದ್ದೆಯೇ ಮುಳುವಾಯಿತು. ಬೆಳಕು ಹರಿಯುವಾಗ ಎಚ್ಚರವಾದರೆ ಡೇರೆಯ ಬಾಗಿಲು ತೆರೆದಿತ್ತು, ನೋಹ ಇರಲಿಲ್ಲ.

ಫೇತಳನ್ನು ಬಿಟ್ಟು ಹೋಗುವಂತಿಲ್ಲ, ಹೋಗದೆ ಇರುವಂತಿಲ್ಲ. ಮಲಗಿದ್ದವಳನ್ನು ಹಾಗೇ ಬಾಚಿಕೊಂಡು ಬರಿಗಾಲಲ್ಲಿ ಮೊದಲು ಬಾವಿಯ ಕಡೆ ಓಡಿದೆ. ಬಗ್ಗಿ ನೋಡಿದೆ. ನೀರು ಅಲುಗಾಡದೆ ನಿಂತಿತ್ತು. ಆ ನೀರನ್ನು ನೋಡಿದ ಹೊತ್ತು ನಿಮ್ಮ ಶತ್ರುವಿಗೂ ಬೇಡ. ತಿರುಗಿದರೆ ಅವನು ಜೋಳದ ಹೊಲದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಇಬ್ಬನಿ ಕೂತ ಜೇಡರ ಬಲೆಯನ್ನು ಊದುತ್ತಿದ್ದ. ಕೊರಳಲ್ಲಿ ಸೀಟಿ ತೂಗುತ್ತಿತ್ತು. ಹೊಡೆಯಲು ಕೈ ಎತ್ತಿದವಳು ಅಪ್ಪಿಕೊಂಡು ಕೂತೆ.

"ಸೀಟಿ ಯಾಕ ಊದಲಿಲ್ಲ?" ಎಂದೆ.

"ನಾ ಎಲ್ಲಿ ಕಳದೇನಿ? ನಾ ಇಲ್ಲೇ ಇದ್ದೆ. ನೀನs ಕಳದಿದ್ದಿ" ಎಂದ.

ಅತ್ತೆ, ಪುಟ್ಟ ಮಕ್ಕಳನ್ನು ಕರೆದುಕೊಂಡು ಒಬ್ಬಳೇ ಬಯಲಲ್ಲಿ ಮಲಗಬಹುದೇ ಎಂದು ನನ್ನನ್ನು ಯಾರಾದರೂ ಕೇಳಿದರೆ ಬೇಡ ಎನ್ನುತ್ತೇನೆ. ನಿಮ್ಮ ಪ್ರಶ್ನೆ ಸರಿಯಾಗಿತ್ತು. ನಾನು ಆ ಬಾವಿಯ ಅಂಚಿನಲ್ಲಿ ಎಡವಿದ್ದರೆ ಇಬ್ಬರಿಗೂ ಯಾರೂ ಇರುತ್ತಿರಲಿಲ್ಲ. ಆದರೆ ನಾನು ಹೋದದ್ದು ತಪ್ಪೇ ಎಂದು ಕೇಳಿದರೆ ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ.

ನಾನು ಗೆದ್ದೆನೋ ಸೋತೆನೋ ನೀವೇ ಹೇಳಿ. ಮಾತು ಕೊಟ್ಟಿದ್ದೇನೆ. ಕರೆದುಕೊಂಡು ಬಾ ಎಂದರೆ ಜೂನಿನಲ್ಲಿ ಬರುತ್ತೇನೆ.

ಹೆಪ್ಸಿಬಾ


ಹಲಬರ್ಗಾ
೧೯ ಮಾರ್ಚ್ ೨೦೨೪

ನನ್ನ ಮಗಳೇ,

ಬಾವಿಯ ಸಾಲುಗಳನ್ನು ಓದುವಾಗ ನಿನಗೆ ಎರಡು ಬಿಗಿಯಬೇಕು ಅನ್ನಿಸಿತು. ನೋಹ ಸಿಕ್ಕದ್ದು ದೇವರ ದಯೆ, ಅದರಲ್ಲಿ ನಿನ್ನ ಜಾಣತನವೇನಿಲ್ಲ. ಈಸ್ಟರ್ ಒಳಗೆ ಆ ಬಾವಿಗೆ ಕಟ್ಟೆ ಕಟ್ಟಿಸಿ ಮೇಲೆ ಜಾಲರಿ ಹಾಕಬೇಕೆಂದು ಕಾಶೀನಾಥನಿಗೆ ಹೇಳಿ ಕಳಿಸಿದ್ದೇನೆ.

ಬೈಗುಳ ಅಲ್ಲಿಗೆ ಮುಗಿಯಿತು.

ಮಕ್ಕಳು ನಿನ್ನ ಹತ್ತಿರವೇ ಇರಲಿ. ನೋಹನನ್ನು ಬೀದರದ ಶಾಲೆಗೇ ಹಾಕು. ನೀನು ಇದನ್ನೆಲ್ಲ ಮುಚ್ಚಿಟ್ಟಿದ್ದರೆ ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಮಕ್ಕಳು ಕೈತಪ್ಪಿ ಹೋಗುತ್ತವೆ ಎಂದು ಗೊತ್ತಿದ್ದೂ ಬರೆದೆ. ಅಂಥವಳ ಮೇಲೆ ನಾನು ಏನು ಕಾವಲು ಇಡಲಿ? ನಿನ್ನನ್ನು ಕೆಟ್ಟ ತಾಯಿ ಎಂದು ನಾನು ಒಂದು ದಿನವೂ ಎಣಿಸಿಲ್ಲ. ನೋಹ ನಕ್ಕರೆ ನನ್ನ ಮಗ ಕ್ರಿಸ್ಟೋಫರನ ಹಲ್ಲು ಕಾಣುತ್ತವೆ. ಅದು ನನಗೆ ದಿನಾ ಬೇಕು ಅನ್ನಿಸಿತ್ತು. ನೇರವಾಗಿ ಹೇಳಲು ನಾಚಿಕೆಯಾಗಿ ನಿನ್ನ ದಣಿವಿನ ನೆಪ ಹೇಳಿದೆ.

ಸಂಘದ ಅಕ್ಕಂದಿರಿಗೂ ತಹಮೀನಾಗೂ ಬೇರೆ ಬೇರೆ ಬರೆದಿದ್ದೇನೆ. ಇಂದಿನಿಂದ ಮಲಗಲು ಹೋಗುವುದು ಬೇಡ, ಹಗಲು ಹೋಗಿ ಚಹಾ ಕುಡಿದು ಬನ್ನಿ ಎಂದು. ಆ ದಿಂಬನ್ನು ಬಿಟ್ಟು ಹೋದವರಿಗೆ ಮುಟ್ಟಿಸಿಬಿಡು.

ಇನ್ನೊಂದು ವಿಷಯ. ನಿನಗೆ ಹೇಳಿರಲಿಲ್ಲ, ನನ್ನ ಮನೆಗೂ ಸೋನಾಲಿ ಮಲಗಲು ಬರುತ್ತಾಳೆ. ಮಗ ಹೋದ ದಿನದಿಂದ ಅವಳ ತಾಯಿ ಕಳಿಸುತ್ತಾಳೆ. ನಿನ್ನ ಪತ್ರ ಓದಿದ ಸಂಜೆ, ಇವತ್ತು ಬರಬೇಡ ಮಗಳೇ ಎಂದೆ. ಬಾಗಿಲು ಹಾಕಿ, ದೀಪ ಆರಿಸಿ, ಅವನ ಹಳೆಯ ಮಂಚದ ಮೇಲೆ ಕೂತೆ. ಹೇಗೆ ಶುರು ಮಾಡುವುದು ಎಂದು ತಿಳಿಯಲಿಲ್ಲ. ಆಸ್ಪತ್ರೆಯಲ್ಲಿ ನೂರಾರು ಜನರ ಅಳು ನಿಲ್ಲಿಸಿದವಳು ನಾನು. ಆಮೇಲೆ ಬಂತು. ನನ್ನ ಕಿವಿಗೆ ಅದು ಅಷ್ಟಾಗಿ ಕೇಳಿಸಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡಾಗ ಎದೆ ಗಡಗಡ ಅನ್ನುತ್ತಿತ್ತು, ದೊಡ್ಡದಾಗಿಯೇ ಅಳುತ್ತಿದ್ದೇನೆ ಎಂದು ಗೊತ್ತಾಯಿತು. ಮಗನೇ ಎಂದು ಕರೆದೆ. ಎಷ್ಟು ಸಲ ಕರೆದೆನೋ.

ಬೆಳಿಗ್ಗೆ ಬಾಗಿಲು ತೆಗೆದರೆ ಸೋನಾಲಿ, ಅವಳ ತಾಯಿ, ಇನ್ನಿಬ್ಬರು ಹೆಣ್ಣುಮಕ್ಕಳು ಕಂಬಳಿ ಹೊದ್ದು ನನ್ನ ಕಟ್ಟೆಯ ಮೇಲೆ ಕೂತಿದ್ದಾರೆ.

"ಓಣಿ ತುಂಬ ಕೇಳಸ್ತಿತ್ರಿ ಅಜ್ಜಿ" ಎಂದಳು ಸೋನಾಲಿ.

"ಮತ್ತ ಒಳಗ ಯಾಕ ಬರಲಿಲ್ಲ?" ಎಂದೆ.

"ನೀವೇ ಬರಬ್ಯಾಡ ಅಂದಿದ್ರಲ್ರಿ. ಅದಕ್ಕ ಹೊರಗ ಕುಂತೇವಿ."

ಅವರಿಗೆ ಚಹಾ ಮಾಡಿ ಕೊಟ್ಟೆ. ಅವರು ಕುಡಿಯುತ್ತಿರುವಾಗ ನಿನ್ನ ನೆನಪಾಯಿತು. ಎರಡು ವರ್ಷ ನಾನು ನಿನ್ನ ಮನೆಯ ಒಳಗೆ ಜನರನ್ನು ಕಳಿಸಿದೆ. ಇನ್ನು ಮೇಲೆ ನಾನೂ ಕಟ್ಟೆಯ ಮೇಲೆ ಇರುತ್ತೇನೆ ಹೆಪ್ಸಿಬಾ, ನೀನು ಕರೆಯದೆ ಒಳಗೆ ಬರುವುದಿಲ್ಲ. ಆದರೆ ಬೇಕೆನಿಸಿದ ದಿನ ಕರೆ. ಕೂಗಿದರೆ ನನಗೆ ಕೇಳಿಸುವುದಿಲ್ಲ, ಬರೆದು ಕರೆ.

ನಿನ್ನ
ಅತ್ತೆ